ಅಣ್ಣನ ನಾಡಿ ಹಿಡಿದವನು

ಎಂಜಿನ್ ನೆಟ್ಟಗಿದೆಯೋ ಇಲ್ಲವೋ ತಿಳಿಯಲು ನನಗೆ ಯಾವ ಮೀಟರೂ ಬೇಕಿರಲಿಲ್ಲ. ಹಳಿಯಾಳದ ನನ್ನ ಗ್ಯಾರೇಜಿಗೆ ಟ್ರ್ಯಾಕ್ಟರ್ ಬಂದರೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸುತ್ತಿದ್ದೆ. ಏಟು ಒಂದೇ ಸಮ ಬಿದ್ದರೆ ಸರಿ, ಹಿಂದುಮುಂದಾದರೆ ಬಿಚ್ಚಬೇಕು. ಇದರಿಂದಲೇ ಹೊಟ್ಟೆ ಹೊರೆದೆ, ಹೆಸರೂ ಮಾಡಿದೆ. ಹೆಸರು ಬಂದ ಮೇಲೆ ನನ್ನ ಬಾಯಿ ಸುಮ್ಮನಿರಲಿಲ್ಲ. ಮನುಷ್ಯರ ಕೈ ಹಿಡಿದು ನೋಡಿಯೂ ತೀರ್ಪು ಕೊಡತೊಡಗಿದೆ.

ಅಣ್ಣ ಸಾಂಬ್ರಾಣಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ. ಜೋಳ, ಗೋಧಿ, ಮೆಣಸಿನಕಾಯಿ ಎಲ್ಲವನ್ನೂ ಬೀಸುವುದು ಕಿಟಕಿಯಿಲ್ಲದ ಒಂದೇ ಕೋಣೆಯಲ್ಲಿ. ರೆಪ್ಪೆಯ ಮೇಲೂ ಹಿಟ್ಟು ಕೂತಿರುತ್ತಿತ್ತು, ಬಾಯಲ್ಲಿ ಬೀಡಿ ಇರುತ್ತಿತ್ತು. ಕೊನೆಕೊನೆಗೆ ಒಂದು ಚೀಲ ಎತ್ತಿದರೂ ಏದುಸಿರು ಬಿಡುತ್ತಿದ್ದ. ಒಂದು ಬೆಳಿಗ್ಗೆ ವೈನಿ, ಅಂದರೆ ಅಣ್ಣನ ಹೆಂಡತಿ, ಫೋನ್ ಮಾಡಿ ಕರೆದರು. ಹೋಗಿ ನೋಡಿದರೆ ಅಣ್ಣ ಮೊಣಕಾಲಿಗೆ ಎರಡೂ ಕೈ ಊರಿಕೊಂಡು ಮಂಚದ ಮೇಲೆ ಕೂತಿದ್ದ.

"ನಿನ್ನೆಯಿಂದ ಮಲಗಾಕ ಆಗವಲ್ದು, ಹಿಂಗ ಕುಂತಾರ. ದವಾಖಾನಿಗೆ ಹೋಗೂಣು ಅಂದ್ರ ಒಲ್ಲೆ ಅಂತಾರ. ನೀವರ ಹೇಳ್ರಿ," ಎಂದರು ವೈನಿ.

"ತಮ್ಮ ನೋಡ್ಲಿ. ಅವ ಹೋಗು ಅಂದ್ರ ಹೋಗ್ತೇನಿ," ಎಂದ ಅಣ್ಣ.

ನಾನು ಮಣಿಕಟ್ಟು ಹಿಡಿದೆ. ಬಡಿತ ತುಸು ಜೋರಿತ್ತು, ಆದರೆ ಒಂದೂ ಅತ್ತಿತ್ತ ಆಗಲಿಲ್ಲ. ಟ್ಯೂನ್ ಮಾಡಿಟ್ಟ ಎಂಜಿನ್ನಿನ ಹಾಗೆ ಓಡುತ್ತಿತ್ತು.

"ಎಂಜಿನ್ ಭಾಳ ಚಲೋ ಐತಿ. ಫಿಲ್ಟರ್‌ನ್ಯಾಗ ಧೂಳ ಕುಂತೈತಿ, ಅಷ್ಟ," ಎಂದೆ. ಅಣ್ಣ ನಕ್ಕ, ನಗು ಕೆಮ್ಮಾಯಿತು. ನಾಲ್ಕನೇ ದಿನ ಮಧ್ಯಾಹ್ನ ಗಿರಣಿಯಲ್ಲಿ ಕುಸಿದು ಕೂತವನು ಮತ್ತೆ ಏಳಲಿಲ್ಲ.

ಹೋದ ವರ್ಷ ನನಗೇ ದಮ್ಮು ಹತ್ತತೊಡಗಿ ಧಾರವಾಡದ ಆಸ್ಪತ್ರೆಗೆ ಹೋದೆ. ಎದೆಗೆ ವೈರು ಅಂಟಿಸಿ, ನಿಧಾನಕ್ಕೆ ಉಸಿರಾಡಲು ಹೇಳಿದರು. ಕಾಗದದ ಮೇಲೆ ಬಂದ ಗೆರೆಗಳು ಒಂದು ಕಡೆ ಒತ್ತೊತ್ತಾಗಿ, ಇನ್ನೊಂದು ಕಡೆ ದೂರ ದೂರ ಇದ್ದವು. ನನ್ನ ಜೀವ ಹಾರಿತು.

"ಇದು ಮಿಸ್ ಹೊಡ್ಯಾಕತ್ತೈತಲ್ರಿ?"

"ಇಲ್ರಿ ಕಾಕಾ," ಎಂದಳು ಡಾಕ್ಟರ್ ಹುಡುಗಿ. "ಉಸಿರು ಒಳಗ ತಗೊಂಡಾಗ ಬಡಿತ ಜೋರಾಗತೈತಿ, ಬಿಟ್ಟಾಗ ನಿಧಾನ ಆಗತೈತಿ. ಹಂಗ ಇದ್ರ ಚಲೋ. ಶ್ವಾಸಕೋಶ ಕೆಟ್ಟವರಿಗೆ ಭಾಳ ಮಂದಿಗೆ ಈ ಏರಿಳಿತ ಕಮ್ಮಿ ಆಗಿರತೈತಿ. ಬಡಿತ ಒಂದ ಸಮ ಬೀಳತೈತಿ."

ನಾಡಿ ಹಿಡಿದು ಅದನ್ನು ಹೇಳಬಹುದೇ ಎಂದು ಕೇಳಿದೆ. ಆಗುವುದಿಲ್ಲ, ವಯಸ್ಸಾದಂತೆಯೂ ಆ ಏರಿಳಿತ ಕಡಿಮೆಯಾಗುತ್ತದೆ, ಶ್ವಾಸಕೋಶದ ಸ್ಥಿತಿ ತಿಳಿಯಲು ಕೊಳವೆಯಲ್ಲಿ ಊದಿಸಿಯೇ ನೋಡಬೇಕು ಎಂದಳು. ಅವಳಿಗೆ ಅದು ದಿನದ ಮಾತು. ಬೆರಳಿಗೆ ತಿಳಿಯದ್ದನ್ನು ನಾನು ಅಣ್ಣನಿಗೆ ಅಷ್ಟು ಧೈರ್ಯದಿಂದ ಹೇಳಿಬಿಟ್ಟಿದ್ದೆನಲ್ಲ ಎಂದು ನಾಚಿಕೆಯಿಂದ ಸತ್ತೆ.

ಅಂದಿನಿಂದ ಒಂದೇ ಸಮ ಓಡುವ ಎಂಜಿನ್ ಮುಂದೆ ನನಗೆ ನಿಲ್ಲಲಾಗುವುದಿಲ್ಲ. ಗಿರಾಕಿ ಖುಷಿಯಾಗುತ್ತಾನೆ, ನಾನು ರಸ್ತೆಗೆ ಬಂದು ನಿಲ್ಲುತ್ತೇನೆ. ಆ ಸದ್ದಿನೊಳಗೆ ಅಣ್ಣ ಕೂತಿರುತ್ತಾನೆ, ನಾನು ಹೋಗು ಅನ್ನುವುದನ್ನೇ ಕಾಯುತ್ತ. ನನಗೆ ಹೆದರಿಕೆಯಾಗುತ್ತದೆ.

ಈಗ ಗಿರಣಿ ನೋಡಿಕೊಳ್ಳುವುದು ವೈನಿ. ಹೋದ ತಿಂಗಳು ಸಾಂಬ್ರಾಣಿಗೆ ಹೋದಾಗ ಅವರು ಜೋಳದ ಡಬ್ಬಿ ಎತ್ತಿ ಸುರಿದು, ಬಾಗಿಲ ಚೌಕಟ್ಟು ಹಿಡಿದು ನಿಂತರು. ಏದುಸಿರು ಇಳಿದು ಮಾತು ಹೊರಡಲು ಬಹಳ ಹೊತ್ತು ಹಿಡಿಯಿತು. ದವಾಖಾನೆಗೆ ಹೋಗೋಣ ಎಂದೆ.

"ಮೊದಲ ನೀವು ನೋಡ್ರಿ," ಎಂದು ಕೈ ಚಾಚಿದರು.

ನಾನು ಮುಟ್ಟಲಿಲ್ಲ. ಧಾರವಾಡದಲ್ಲಿ ಕೇಳಿದ್ದನ್ನೆಲ್ಲ ಹೇಳಿದೆ. ಅಣ್ಣನ ವಿಷಯದಲ್ಲಿ ನಾನು ತಪ್ಪಿದೆ ಎಂದೂ ಹೇಳಿದೆ. ವೈನಿ ಗಿರಣಿಯ ಸ್ವಿಚ್ ಆರಿಸಿದರು.

"ಆವತ್ತ ನಾ ಗಾಡಿ ಕರಿಸಿದ್ದೆ," ಎಂದರು. "ಊರ ಅಗಸಿ ಬಾಗಲ ಕಡೆ ನಿಂತಿತ್ತು. ನೀವು ಚಲೋ ಐತಿ ಅಂದ ಮ್ಯಾಲ ನಾನ ಹೋಗಿ ವಾಪಸ್ ಕಳಿಸಿದೆ. ಕಳಿಸಿದಾಕಿ ನಾನ ಅಂತ ಇಷ್ಟ ದಿನ ಯಾರ ಮುಂದೂ ಬಾಯಿ ಬಿಟ್ಟಿಲ್ಲ."

ನಾಳೆ ಬೆಳಿಗ್ಗೆ ಬಂದು ಧಾರವಾಡಕ್ಕೆ ಕರೆದೊಯ್ಯುತ್ತೇನೆ ಎಂದೆ.

"ನಾಳಿ ಅನಬ್ಯಾಡ್ರಿ," ಎಂದರು ವೈನಿ. "ಈಗ ಹೋಗೂಣು."