ಅಕ್ಕ ನಾಯಕಿಯಾದ ಸಿನಿಮಾ

ಮೊನ್ನೆ ಹೆಂಡತಿ ಹೊಸ ಸೀರೆಯ ಮಡಿಕೆ ಬಿಚ್ಚಿದಳು. ಗಂಜಿಯ ವಾಸನೆ ಮೂಗಿಗೆ ಬಡಿದು ಬನಹಟ್ಟಿಯ ನಮ್ಮ ನೇಕಾರ ಓಣಿ ನೆನಪಾಯಿತು. ಅದರ ಹಿಂದೆಯೇ ಎದುರುಮನೆಯ ಅಕ್ಕ...

ಅಕ್ಕ ನಾಟಕ ಕಂಪನಿಯಲ್ಲಿ ಬಣ್ಣ ಹಚ್ಚಿದಾಕೆ. ದನಿ ದೊಡ್ಡದು, ಮೂಗು ಅದಕ್ಕಿಂತ ದೊಡ್ಡದು. ಹಾಗಾಗಿ ಜೀವಮಾನವೆಲ್ಲ ಕೆಟ್ಟ ಅತ್ತೆಯ ಪಾತ್ರವೇ. ಮುಧೋಳದ ಸಂತೆಯಲ್ಲಿ ಒಬ್ಬಾಕೆ, "ಸೊಸೀಗೆ ವಿಷಾ ಹಾಕಿದಾಕಿ ನೀ" ಎಂದು ಬದನೆಕಾಯಿಯನ್ನೇ ಕೊಡಲಿಲ್ಲವಂತೆ.

"ಜನಾ ಬೈದದ್ದು ಸಾಕಾತು. ಒಮ್ಮೆರೆ ನನ್ನ ಸಲುವಾಗಿ ಅಳಬೇಕು," ಎಂದವಳೇ ಅಕ್ಕ ಕಂಪನಿ ಬಿಟ್ಟು ತಾನೇ ಸಿನಿಮಾ ತೆಗೆಯಲು ನಿಂತಳು. ಕಥೆ, ನಿರ್ದೇಶನ, ನಾಯಕಿ ಎಲ್ಲ ಅವಳೇ. ಕ್ಯಾಮೆರಾ ಜಮಖಂಡಿಯಲ್ಲಿ ಮದುವೆ ವಿಡಿಯೊ ತೆಗೆಯುವವನದು. ಗಂಡನ ಪಾತ್ರಕ್ಕೆ ನೇಕಾರನಾದ ನಮ್ಮ ಕಾಕಾ.

ಕೊನೆಯ ದೃಶ್ಯದಲ್ಲಿ ಸಾಯುತ್ತಿರುವ ಗಂಡ ಪಿಸುಮಾತಿನಲ್ಲಿ ಹೆಂಡತಿಯ ಕ್ಷಮೆ ಕೇಳಬೇಕು. ಅದಕ್ಕೆಂದೇ ಓಣಿಯ ಮಗ್ಗಗಳನ್ನೆಲ್ಲ ನಿಲ್ಲಿಸಿದ್ದರು. ಕಾಕಾ ಬಾಯಿ ತೆರೆದ. ಮಾಳಿಗೆಯ ಮೇಲಿನ ಪಾರಿವಾಳಗಳು ಹಾರಿಹೋದವು.

"ಸಾಯೋ ಮನಷ್ಯಾ ಹಿಂಗ ಒದರತಾನೇನು?"

"ಮಗ್ಗದ ಸಪ್ಪಳದಾಗ ಹುಟ್ಟಿ ಬೆಳದಾಂವ ನಾ. ಸಣ್ಣ ದನಿ ಎಲ್ಲಿಂದ ತರಲಿ ಯಕ್ಕಾ?"

ಹೆಂಡತಿಯನ್ನು ಯಕ್ಕಾ ಎಂದದ್ದಕ್ಕೆ ಇನ್ನಷ್ಟು ಬೈಗುಳ. ಸಂಜೆಯವರೆಗೂ ಕಾಕಾ ಒದರುತ್ತಲೇ ಸತ್ತ. ಕಡೆಗೆ ಅಕ್ಕ, "ಮಗ್ಗಾ ಚಾಲೂ ಮಾಡ್ರಿ!" ಎಂದಳು. ಒದರಿದರೂ ಕೇಳದಷ್ಟು ಸಪ್ಪಳವಿದ್ದರೆ ನಮ್ಮ ನೇಕಾರರು ತುಟಿ ನೋಡಿಯೇ ಮಾತು ತಿಳಿಯುತ್ತಾರೆ. ಆ ಖಟಖಟದ ನಡುವೆ ಇಬ್ಬರೂ ಬರೀ ತುಟಿಯಲ್ಲಿ ಮಾತಾಡಿ ದೃಶ್ಯ ಮುಗಿಸಿದರು.

ಓಣಿಯಲ್ಲಿ ಬಿಳಿ ಧೋತರ ಕಟ್ಟಿ ಸಿನಿಮಾ ತೋರಿಸಿದಾಗ, ಆ ದೃಶ್ಯದ ಒಂದು ಮಾತೂ ಕಿವಿಗೆ ಬೀಳದಿದ್ದರೂ ಎಲ್ಲರಿಗೂ ತಿಳಿಯಿತು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಅಷ್ಟರಲ್ಲಿ ಪರದೆಯ ಮೇಲಿನ ಅಕ್ಕ ಕ್ಯಾಮೆರಾದತ್ತ ತಿರುಗಿ ತುಟಿಯಾಡಿಸಿದಳು: "ಕ್ಯಾಮೆರಾ ನಿಂದರಸೋ, ನನಗ ಖರೇನ ಅಳು ಬರಾಕತ್ತೈತಿ." ಅಳುತ್ತಿದ್ದ ಓಣಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. "ಮೊದಲ ಅತ್ತಿದ್ರಿ ಹೌದಲ್ಲೋ?" ಎಂದು ಅಕ್ಕ ಮನೆಮನೆಗೆ ಹೋಗಿ ಕೇಳಿದಳು.

ಬೇರೆ ಊರಿನ ಸ್ಪರ್ಧೆಯೊಂದಕ್ಕೆ ಕಳಿಸಿದರೆ ಧ್ವನಿ ಕೆಟ್ಟಿದೆ ಎಂದು ವಾಪಸು ಬಂತು. "ಅವರ ಕಣ್ಣ ಕೆಟ್ಟಾವ," ಎಂದಳು ಅಕ್ಕ.

ಹೋದ ವರ್ಷ ಅಕ್ಕ ತೀರಿಕೊಂಡಳು. ದೂರದಲ್ಲಿದ್ದ ನನಗೆ ಮಣ್ಣಿಗೆ ಹೋಗಲಾಗಲಿಲ್ಲ. ಅದು ಇಂದಿಗೂ ಸಂಕಟವೇ. ನಿನ್ನೆ ಕಾಕಾನಿಗೆ ಫೋನು ಮಾಡಿ ಸಿನಿಮಾ ತರಿಸಿಕೊಂಡು ಮೊಬೈಲಿನಲ್ಲಿ ನೋಡಿದೆ... ಮಗ್ಗಗಳ ನಡುವೆ ಅಕ್ಕ ನನ್ನತ್ತ ತಿರುಗಿದಳು, ತುಟಿಯಾಡಿಸಿದಳು.

"ಏನಂತಾರ ಅವರು?" ತುಟಿ ನೋಡಿ ಮಾತು ತಿಳಿಯಲು ಬಾರದ, ಧಾರವಾಡದವಳಾದ ಹೆಂಡತಿ ಕೇಳಿದಳು.

ಓಣಿಯೆಲ್ಲ ನಕ್ಕ ಆ ಜಾಗದಲ್ಲಿ ನಾನು ಅಳುತ್ತಾ ಕೂತಿದ್ದೆ.