ಗೀಟಕ್ಕನ ಒಂಬತ್ತನೇ ಕಾಲಂ

ಆ ದಿನ ನಮ್ಮ ನೋಂದಣಿ ಕಚೇರಿಯಲ್ಲಿ ಯಾರಿಗೂ ಕುರ್ಚಿಯಲ್ಲಿ ಕೂರಲು ಮನಸ್ಸಿರಲಿಲ್ಲ. ಗೀಟಕ್ಕ ತನ್ನ ಮನೆ ಮಾರುತ್ತಿದ್ದಾಳೆ! ಇಪ್ಪತ್ತಾರು ವರ್ಷ ಊರಿನವರ ಫೈಲುಗಳನ್ನು ಹಿಂದಕ್ಕೆ ತಳ್ಳಿದವಳ ಫೈಲು ಇವತ್ತು ಬೇರೆಯವರ ಮೇಜಿಗೆ ಬರುತ್ತದೆ. ಆ ಮೇಜು ನನ್ನದು. ನಾನು ಮೊಹರು ಒತ್ತುವವನು. ಅವಳ ಫೈಲನ್ನು ಅವಳೇ ಪರಿಶೀಲಿಸುವಂತಿಲ್ಲವೆಂದು ಸಾಹೇಬರು ಅದನ್ನು ನನಗೆ ಒಪ್ಪಿಸಿದ್ದರು. ಬೆಳಗ್ಗೆ ಖುಷಿಗೆ ನನಗೆ ತಿಂಡಿಯೇ ಸೇರಲಿಲ್ಲ.

ಗೀಟಕ್ಕ ಅವಳ ಹೆಸರಲ್ಲ, ಅವಳ ಶತ್ರುವಿನ ಹೆಸರು. ಮನೆ ಮಾರುವವರು ಪತ್ರದ ಜೊತೆ ಒಂದು ಘೋಷಣೆ ಕೊಡಬೇಕು. ಸೂರು ಸೋರುತ್ತದೆಯೇ, ಹಿತ್ತಲಲ್ಲಿ ಪಕ್ಕದವರಿಗೆ ಓಡಾಡುವ ಹಕ್ಕಿದೆಯೇ, ನೆಲದಡಿ ಏನಾದರೂ ಮುಚ್ಚಿಟ್ಟಿದೆಯೇ, ಹೀಗೆ ಹನ್ನೆರಡು ಕಾಲಂ. ಕೊಳ್ಳುವವರು ಅದನ್ನು ಓದಿ ಸಹಿ ಹಾಕಿದ ಮೇಲೆಯೇ ಮೊಹರು. ಜನ ಏನು ಮಾಡುತ್ತಾರೆ? ಹನ್ನೆರಡಕ್ಕೂ ಹನ್ನೆರಡು ಗೀಟು ಎಳೆದು ತರುತ್ತಾರೆ.

"ಗೀಟು ಅಂದ್ರೇನ್ರೀ? ಇಲ್ಲ ಅಂತಲೋ, ಗೊತ್ತಿಲ್ಲ ಅಂತಲೋ, ಹೇಳಲ್ಲ ಅಂತಲೋ? ಬಾಯಿಬಿಟ್ಟು ಬರೀರಿ!" ಎಂದು ಅವಳು ಫೈಲನ್ನು ಕಿಂಡಿಯಿಂದಾಚೆ ತಳ್ಳುತ್ತಾಳೆ. ತಲೆ ಮೇಲೆ ತಲೆ ಬಿದ್ದರೂ ಬಿಡುವವಳಲ್ಲ. ಒಬ್ಬ ಮಹಾನುಭಾವ ರೇಗಿ, "ಪಕ್ಕದ ಮನೆಯವರು ಕೊಳಲು ಊದುತ್ತಾರೆ, ಊದಲು ಬರುವುದಿಲ್ಲ" ಎಂದು ಬರೆದುಕೊಟ್ಟ. ಅವಳು ಅದನ್ನು ಇಡೀ ಕಚೇರಿಗೆ ಓದಿ ಹೇಳಿ, "ಇದು ನೋಡಿ ಘೋಷಣೆ!" ಎಂದಳು. ಅವಳ ದೆಸೆಯಿಂದ ನನ್ನ ಮಧ್ಯಾಹ್ನದ ಊಟ ತಣ್ಣಗಾದ ದಿನಗಳಿಗೆ ಲೆಕ್ಕವಿಲ್ಲ. ಆ ಸಿಟ್ಟೂ ನನ್ನಲ್ಲಿತ್ತು, ಸುಳ್ಳೇಕೆ ಹೇಳಲಿ?

ಅವಳ ಮನೆ ಕಿರಿದಾದ ಎರಡಂತಸ್ತಿನದು. ಕೆಳಗೆ ಹಜಾರ, ಅಡುಗೆಮನೆ. ಮಲಗುವ ಕೋಣೆ, ಬಚ್ಚಲು ಮೇಲೆ. ಅವಳ ಗಂಡ, ನಾವೆಲ್ಲ ಭಾವ ಅನ್ನುತ್ತೇವೆ, ಮೂವತ್ತು ವರ್ಷ ಬಸ್ಸು ಓಡಿಸಿ ಎರಡೂ ಮಂಡಿ ಕಳೆದುಕೊಂಡವರು. ಮಲಗುವುದು ಹಜಾರದ ಬೆಂಚಿನ ಮೇಲೆ. ಸ್ನಾನಕ್ಕೆ ಹೋಗಬೇಕೆಂದರೆ ಕೂತುಕೊಂಡೇ ಒಂದೊಂದು ಮೆಟ್ಟಿಲು ಹತ್ತಬೇಕು. ಎರಡು ಬೀದಿಯಾಚೆ ಮೆಟ್ಟಿಲೇ ಇಲ್ಲದ ಮನೆಯೊಂದು ಸಿಕ್ಕಿತ್ತು. ಇದು ಮಾರಾಟವಾದರೆ ಅದು ಇವರದು. ಆ ಮನೆಯವರು ತಿಂಗಳ ಕೊನೆಯವರೆಗೆ ಮಾತ್ರ ಕಾಯುತ್ತೇವೆ ಎಂದಿದ್ದರು. ಅಷ್ಟರಲ್ಲಿ ಇವಳ ಮನೆ ಕೊಳ್ಳಲು ಬಂದ ಇಬ್ಬರು ಕಾಲಿಗೆ ಬುದ್ಧಿ ಹೇಳಿದ್ದರು. ಯಾಕೆಂದು ನಮಗೆ ಗೊತ್ತಿರಲಿಲ್ಲ.

ಹನ್ನೊಂದಕ್ಕೆ ಎಲ್ಲರೂ ಬಂದರು. ಕೊಳ್ಳುವವರು ಗಂಡಹೆಂಡತಿ, ಆತ ಕ್ಷೌರದಂಗಡಿಯವನು, ಆಕೆ ನರ್ಸು. ಭಾವ ಬಾಗಿಲ ಬಳಿಯ ಬೆಂಚಿನಲ್ಲಿ ಕೋಲು ಹಿಡಿದು ಕೂತರು. ಗೀಟಕ್ಕ ಫೈಲನ್ನು ನನ್ನ ಮುಂದಿಟ್ಟಳು. ಅಬ್ಬಾ, ಆ ಅಕ್ಷರಗಳೇ! "ಮಳೆಗಾಲದಲ್ಲಿ ಮುಂಬಾಗಿಲು ಉಬ್ಬುತ್ತದೆ, ಭುಜ ಕೊಟ್ಟು ತಳ್ಳಬೇಕು, ಎಡಭುಜವಾದರೆ ಒಳ್ಳೆಯದು." ನಗು ತಡೆದುಕೊಂಡು ಒಂದೊಂದೇ ಕಾಲಂ ಇಳಿದೆ. ಒಂಬತ್ತನೆಯದು: ನೆಲದಡಿ ಮುಚ್ಚಿದ ಬಾವಿ, ತೊಟ್ಟಿ, ಗುಂಡಿ ಇದೆಯೇ?

ಅಲ್ಲೊಂದು ಗೀಟು.

ಮೊದಲು ಎದ್ದು ನಿಂತು ಕೂಗಬೇಕೆನಿಸಿತು. ಆಮೇಲೆ ಅವಳ ಮುಖ ನೋಡಿದೆ. ಅವಳು ಮೇಜಿನ ಮೇಲೆ ಬಾಗಿ ಪಿಸುಗುಟ್ಟಿದಳು:

"ಅಡುಗೆಮನೆ ಕೆಳಗೆ ಹಳೇ ಬಾವಿ ಇದೆ ಕಣೋ. ನಮ್ಮ ಮಾವ ಮುಚ್ಚಿಸಿ ಕಲ್ಲು ಹಾಸಿಸಿದ್ದು. ಗಟ್ಟಿಯಾಗೇ ಇದೆ. ಇಬ್ಬರಿಗೆ ಹೇಳ್ದೆ, ಇಬ್ಬರೂ ಹೋದ್ರು. ನಿಮ್ಮ ಭಾವ ಕೂತ್ಕೊಂಡು ಮೆಟ್ಟಿಲು ಹತ್ತೋದನ್ನ ಇನ್ನು ನನ್ನಿಂದ ನೋಡಕ್ಕಾಗಲ್ಲ. ಇದೊಂದು ಸಲ ಒತ್ತಿಬಿಡೋ."

ಮೊಹರು ಕೈಯಲ್ಲೇ ಇತ್ತು. ಭಾವನ ಮಂಡಿ ನೆನೆದು ಒತ್ತಿಬಿಡೋಣ ಅನಿಸಿದ್ದು ನಿಜ. ಆದರೆ ಆ ನರ್ಸಮ್ಮ ನಾಳೆಯಿಂದ ಅದೇ ನೆಲದ ಮೇಲೆ ನಿಂತು ಅಡುಗೆ ಮಾಡಬೇಕಲ್ಲ! ಫೈಲನ್ನು ಮೆಲ್ಲಗೆ ಅವಳತ್ತ ತಳ್ಳಿದೆ.

"ಗೀಟು ಅಂದ್ರೇನಕ್ಕಾ? ಇಲ್ಲ ಅಂತಲೋ, ಗೊತ್ತಿಲ್ಲ ಅಂತಲೋ?"

ಅಣಕಿಸಲು ಕೇಳಿದ್ದಲ್ಲ. ಅವಳು ನನ್ನನ್ನು ನುಂಗುವ ಹಾಗೆ ನೋಡಿದಳು. ಆಮೇಲೆ ನನ್ನ ಜೇಬಿನಿಂದಲೇ ಪೆನ್ನು ಕಿತ್ತುಕೊಂಡು ಬರೆದಳು. ಬಾವಿ ಎಷ್ಟು ಆಳ, ಯಾರು ಮುಚ್ಚಿಸಿದ್ದು, ಒಲೆಯಿಂದ ಎಷ್ಟು ಹೆಜ್ಜೆ, ಎಲ್ಲ. ಗೀಟಿನ ಮೇಲೆಯೇ ಬರೆದಳು. ಹಾಳೆಯನ್ನು ಕೊಳ್ಳುವವರ ಮುಂದಿಟ್ಟು, "ಓದಿ. ಒಂಬತ್ತನೇದನ್ನ ಎರಡು ಸಲ ಓದಿ," ಎಂದು ಗೋಡೆಯತ್ತ ತಿರುಗಿದಳು.

ನರ್ಸಮ್ಮ ಓದಿದಳು. ಓದಿ ಗಂಡನ ತೋಳಿಗೆ ಪಟ್ಟೆಂದು ಹೊಡೆದಳು. "ಬರೆದ್ರು ನೋಡಿ! ನಾನು ಹೇಳಿರ್ಲಿಲ್ವಾ?"

"ನಮಗೆ ಗೊತ್ತಿತ್ತಮ್ಮಾ," ಎಂದ ಕ್ಷೌರದಂಗಡಿಯವನು. "ಮೊದಲನೇ ದಿನ ನೀವು ಮೇಲೆ ಬೀಗದಕೈ ತರೋಕೆ ಹೋಗಿದ್ರಲ್ಲ, ಆಗಲೇ ಯಜಮಾನ್ರು ಅಡುಗೆಮನೆ ನೆಲಾನ ಕೋಲಲ್ಲಿ ತಟ್ಟಿ ತೋರಿಸಿದ್ರು. ಮಾರನೇ ದಿನ ನೀವು ಕಚೇರೀಲಿದ್ದಾಗ ಗಾರೆಯವರನ್ನ ಕರ್ಕೊಂಡು ಬಂದು ನೋಡ್ಸಿದ್ವಿ. ಏನೂ ತೊಂದ್ರೆ ಇಲ್ಲ ಅಂದ್ರು. ನೀವೇನಾದ್ರೂ ಬರೀದೇ ಬಿಟ್ಟಿದ್ರೆ ಮಾತ್ರ ಎದ್ದು ಹೋಗೋದು ಅಂತ ಮಾತಾಡ್ಕೊಂಡಿದ್ವಿ."

ಕಚೇರಿಯಲ್ಲಿ ಹೋ ಎಂದು ಗದ್ದಲವೆದ್ದಿತು. ಸಾಹೇಬರೂ ಬಾಗಿಲಿಗೆ ಬಂದರು. ಗೀಟಕ್ಕ ಮಾತ್ರ ಬೆಂಚಿನತ್ತ ನಡೆದಳು.

"ನಂಗ್ಯಾಕೆ ಹೇಳ್ಲಿಲ್ಲ ನೀವು?"

"ಹೇಳೋದೇನೇ? ನೀನು ಹೇಗಿದ್ರೂ ಬರೀತೀಯಲ್ಲ," ಎಂದರು ಭಾವ, ಬಲು ಸಲೀಸಾಗಿ.

ಅಲ್ಲಿಗೆ ಸುಮ್ಮನಿದ್ದರೆ ಮುಗಿಯುತ್ತಿತ್ತು. ನಾನಂತೂ ಬಾಯಿಬಿಡುತ್ತಿರಲಿಲ್ಲ. ಆದರೆ ಅವಳು ಹಾಳೆ ಎತ್ತಿಕೊಂಡು ಬಂದು ಗಂಡನ ಕಣ್ಣ ಮುಂದೆ ಹಿಡಿದಳು.

"ಇಲ್ನೋಡಿ. ಮೊದಲು ಗೀಟು ಎಳೆದಿದ್ದೆ."

ಕೊಳ್ಳುವವರೂ ಕೇಳಿಸಿಕೊಂಡರು. ಭಾವ ಅಕ್ಷರಗಳ ಕೆಳಗಿನ ಆ ಗೆರೆಯನ್ನು ತುಂಬ ಹೊತ್ತು ನೋಡಿದರು.

"ನನ್ನ ಮಂಡಿಗೋಸ್ಕರಾನಾ?"

ಅವಳು ಹೌದೆಂದು ತಲೆಯಾಡಿಸಿದಳು. ನರ್ಸಮ್ಮ ಪೆನ್ನೆತ್ತಿಕೊಂಡು ಬಂದು, ಹಾಳೆಯನ್ನು ಅವಳ ಕೈಯಿಂದ ತೆಗೆದುಕೊಂಡು ಒಂಬತ್ತನೇ ಕಾಲಂ ಪಕ್ಕದಲ್ಲೇ ಸಹಿ ಹಾಕಿದಳು.

ಭಾವ ಕೋಲೂರಿ, ಯಾರ ಕೈಯನ್ನೂ ಹಿಡಿಯದೆ, ಎದ್ದು ನಿಂತರು. "ಒತ್ತಪ್ಪಾ," ಎಂದರು ನನಗೆ. "ನಾನು ನಿಂತೇ ನೋಡ್ತೀನಿ."

ಒತ್ತಿದೆ. ಬೀದಿಯವರೆಗೂ ಕೇಳಿಸುವ ಹಾಗೆ ಒತ್ತಿದೆ.