ಹಾರ್ನ್ ಆದ ಮೇಲೆಯೇ ಹಗ್ಗ

ಮಲೇಷ್ಯಾದ ಕ್ಲಾಂಗ್ ಬಂದರಿನಲ್ಲಿ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಒಂದು ಬೀದಿಯಷ್ಟು ಉದ್ದದ ಹಡಗು ಸದ್ದಿಲ್ಲದೆ ಧಕ್ಕೆಗೆ ಒತ್ತಿಕೊಂಡು ಬರುತ್ತಿದೆ. ಮೇಲಿನಿಂದ ತುದಿಗೆ ಗುಂಡು ಕಟ್ಟಿದ ಸಣ್ಣ ಹಗ್ಗವೊಂದು ಹಾರಿ ಬಂದು ಸಿಮೆಂಟಿನ ಮೇಲೆ ಬೀಳುತ್ತದೆ. ಕಿತ್ತಳೆ ಬಣ್ಣದ ಅಂಗಿ ತೊಟ್ಟ ನಾಲ್ವರು ಅದನ್ನು ಹಿಡಿದು ಎಳೆಯುತ್ತಾರೆ. ಅದರ ಹಿಂದೆಯೇ ನೀರು ಸುರಿಸುತ್ತಾ ತೋಳಿನ ಗಾತ್ರದ ಹಗ್ಗ ಮೇಲೇರುತ್ತದೆ. ಅದರ ತುದಿಯ ಕುಣಿಕೆಯನ್ನು ಧಕ್ಕೆಯ ಕಬ್ಬಿಣದ ಗೂಟಕ್ಕೆ ತೊಡಿಸಿದರೆ ಹಡಗು ನಿಂತಂತೆ. ಆದರೆ ಗೂಟದಲ್ಲಿ ಆಗಲೇ ಪಕ್ಕದ ಹಡಗಿನ ಕುಣಿಕೆ ಕೂತಿದೆ. ನಾಲ್ವರೂ ಭಾರ ಹೊತ್ತುಕೊಂಡೇ ಹಿಂದಕ್ಕೆ ತಿರುಗಿ ನೋಡುತ್ತಾರೆ. ಹಿಂದೆ ನಿಂತ ಬಿಳಿ ವ್ಯಾನಿನಿಂದ ಒಂದು ಚಿಕ್ಕ ಹಾರ್ನ್. ಕುಣಿಕೆ ಗೂಟಕ್ಕೆ ಇಳಿಯುವುದು ಆಮೇಲೆಯೇ.

ವ್ಯಾನಿನಲ್ಲಿ ಕೂತವರು ಐತಪ್ಪ. ಮಂಗಳೂರಿನ ಹಳೇ ಬಂದರಿನ ಎದುರಿಗಿರುವ ಬೆಂಗ್ರೆಯವರು. ವಯಸ್ಸು ಐವತ್ತು ದಾಟಿದೆ. ಈ ಧಕ್ಕೆಗೆ ಬಂದ ಹಡಗುಗಳ ಹಗ್ಗ ಹಿಡಿಯುತ್ತಲೇ ಇಪ್ಪತ್ತು ಚಿಲ್ಲರೆ ವರ್ಷ ಕಳೆದವರು, ಕಳೆದ ಅಕ್ಟೋಬರಿನಿಂದ ಹಗ್ಗ ಮುಟ್ಟಿಲ್ಲ.

ಹಗ್ಗದ ಸಹವಾಸ ಊರಿನದೇ. ಹದಿಹರೆಯದಲ್ಲಿ ಮೀನಿನ ಬೋಟಿಗೆ ಹೋದವರು, ಪರಿಚಯದವರೊಬ್ಬರು ಹೇಳಿದರೆಂದು ಮಲೇಷ್ಯಾಕ್ಕೆ ಬಂದು ಕ್ಲಾಂಗಿನ ಹೋಟೆಲೊಂದರಲ್ಲಿ ತಟ್ಟೆ ತೊಳೆದರು. ಅಲ್ಲಿಗೆ ದಿನಾ ಊಟ ಕಟ್ಟಿಸಿಕೊಳ್ಳಲು ಬರುತ್ತಿದ್ದ ಬಂದರಿನ ಮೇಸ್ತ್ರಿಯೊಬ್ಬ, ಇವರು ಪೊಟ್ಟಣಕ್ಕೆ ದಾರ ಸುತ್ತುವ ರೀತಿ ನೋಡಿ, ನಿನ್ನ ಕೈ ಇಲ್ಲಿ ದಂಡ ಎಂದು ಎಬ್ಬಿಸಿಕೊಂಡು ಹೋದನಂತೆ. ಪತ್ನಿ ದೇವಕಿ ತಮಿಳರ ದಿನಸಿ ಅಂಗಡಿಯಲ್ಲಿ ಹಿಟ್ಟು, ಬೇಳೆ ಕಟ್ಟುತ್ತಾರೆ. ಗಂಡನ ಹೆಗ್ಗಳಿಕೆಯ ಬಗ್ಗೆ ಕೇಳಿದರೆ ಅವರದು ಬೇರೆಯೇ ದೂರು. "ಊರಿನ ಹಡಗೆಲ್ಲ ಕಟ್ತಾರೆ. ಮನೆಯಲ್ಲಿ ಬಟ್ಟೆ ಒಣಗಿಸುವ ಬಳ್ಳಿ ಕಟ್ಟಲಿಕ್ಕೆ ಹತ್ತು ಸಲ ಹೇಳ್ಬೇಕು."

ದಿನಕ್ಕೆ ನಾಲ್ಕೈದು ಹಡಗು ಬರುತ್ತವೆ, ಅಷ್ಟೇ ಹೋಗುತ್ತವೆ. ಬಂದರಿನ ಲೆಕ್ಕದಲ್ಲಿ ಮೊದಲ ಹಗ್ಗ ಗೂಟಕ್ಕೆ ಬಿದ್ದ ಹೊತ್ತೇ ಹಡಗು ಬಂದ ಹೊತ್ತು. ಆ ಹಗ್ಗ ತೊಡಿಸಿದವನ ಹೆಸರು ಎಲ್ಲೂ ಬರುವುದಿಲ್ಲ. ಐತಪ್ಪನಿಗೆ ಅದರ ಬೇಸರವೂ ಇಲ್ಲ. ಹೊಸ ಹಡಗು, ದೊಡ್ಡ ಹಡಗು, ಚೊಚ್ಚಲ ಪ್ರಯಾಣದ ಹಡಗು ಏನೇ ಬರಲಿ, ಮೊದಲ ಹಗ್ಗ ತನ್ನ ಕೈಗೆ ಬಂದರಾಯಿತು. ಜೊತೆಗೆ ದುಡಿಯುವ ಜಮ್ರಿ ಎಂಬ ಮಲಯ ಗೆಳೆಯ ಇದಕ್ಕೇ ಅವರನ್ನು ಸೂಲಗಿತ್ತಿ ಎಂದು ರೇಗಿಸುತ್ತಾನೆ.

ಕೊರೊನಾ ಬಂದ ಮೇಲೆ ಈ ಕೆಲಸದ ಬಣ್ಣವೇ ಬದಲಾಯಿತು. ಹಡಗಿನವರು ಇಳಿಯುವಂತಿಲ್ಲ, ನೆಲದವರು ಹತ್ತುವಂತಿಲ್ಲ. ತಿಂಗಳುಗಟ್ಟಲೆ ಮಣ್ಣು ಮೆಟ್ಟದವರು ಮೇಲಿನ ಕಂಬಿಗೆ ಒರಗಿ ಕೆಳಗೆ ನೋಡುತ್ತಿದ್ದರು. ಎರಡು ಕಡೆಯೂ ಮಾಸ್ಕು. ನಡುವೆ ಹೋಗಿಬರುತ್ತಿದ್ದುದು ಹಗ್ಗ ಒಂದೇ. "ಮುಖ ಗೊತ್ತಿಲ್ಲ, ಕಣ್ಣು ಮಾತ್ರ ಗೊತ್ತುಂಟು. ಕೈ ಬೀಸಿದ್ರೆ ಕೈ ಬೀಸ್ತಾರೆ, ಪಾಪ," ಎನ್ನುತ್ತಾರೆ ಐತಪ್ಪ.

2021ರ ಜುಲೈಯಲ್ಲಿ ಅವರಿಗೂ ಸೋಂಕು ತಗುಲಿತು. ಬದುಕಿ ಬಂದರು, ಆದರೆ ಮೆಟ್ಟಿಲು ಹತ್ತಿದರೆ ಉಸಿರು ಸಾಲದು. ಹಗುರ ಕೆಲಸ ಕೊಡಿ ಎಂದರು ಡಾಕ್ಟರು. ಧಕ್ಕೆಯ ಉಸ್ತುವಾರಿ ನೋಡುವ ನಾರ್ಬರ್ಟ್ ಮಂಗಳೂರಿನವರೇ, ವಯಸ್ಸಿನಲ್ಲಿ ಚಿಕ್ಕವರು. ಇಬ್ಬರೂ ಮಾತಾಡುವುದು ತುಳುವಿನಲ್ಲಿ. ಐತಪ್ಪನನ್ನು ವ್ಯಾನ್ ಓಡಿಸಲು ಹಾಕಬೇಕೆಂದು ನಾರ್ಬರ್ಟ್ ಇದ್ದರು. ಐತಪ್ಪ ಬೆನ್ನು ಬಿಡಲಿಲ್ಲ. ಕೊನೆಗೆ ವರ್ಷದ ಕೊನೆಯವರೆಗೆ ಹಗ್ಗದಲ್ಲೇ ಇರಲಿ, ಒಂದು ತಪ್ಪಾದರೂ ವ್ಯಾನೇ ಗತಿ ಎಂದು ಮಾತಾಯಿತು.

ಆ ಹಡಗು ಬಂದದ್ದು ಇಂಥ ಹೊತ್ತಿನಲ್ಲಿ. ಹಿಂದೂ ಮಹಾಸಾಗರದ ಒಂದು ಪುಟ್ಟ ದ್ವೀಪರಾಷ್ಟ್ರದ ಸರಕು ಹಡಗು. ಆ ದೇಶದ ಹೆಸರನ್ನಾಗಲಿ, ಹಡಗಿನ ಹೆಸರನ್ನಾಗಲಿ ಪೇಪರಿಗೆ ಹಾಕಬಾರದೆಂದು ಐತಪ್ಪ ಕೇಳಿಕೊಂಡಿದ್ದಾರೆ. ಕಾರಣ ಮುಂದೆ ತಿಳಿಯುತ್ತದೆ. ತಮ್ಮದೇ ಬಾವುಟ, ತಮ್ಮವರೇ ನಾವಿಕರು, ತಮ್ಮ ದ್ವೀಪದ ಹೆಣ್ಣುಮಗಳೇ ಕ್ಯಾಪ್ಟನ್. ಈ ಮೂರೂ ಒಟ್ಟಿಗೆ ಸೇರಿ ಪರದೇಶದ ಬಂದರಿಗೆ ಬಂದದ್ದು ಅವರ ಚರಿತ್ರೆಯಲ್ಲೇ ಅದು ಮೊದಲು. ದ್ವೀಪದಲ್ಲಿ ಎಲ್ಲರೂ ರೇಡಿಯೋ ಹಾಕಿಕೊಂಡು ಕೂತಿದ್ದಾರಂತೆ ಎಂದು ನಾರ್ಬರ್ಟ್ ಮುಂಚೆಯೇ ಹೇಳಿದ್ದರು. ಬೆಳಿಗ್ಗೆ ಮೊದಲ ಹಗ್ಗ ಹಾರಿ ಬಂತು. ಐತಪ್ಪ ಹಿಡಿದರು, ತೊಡಿಸಿದರು, ನಾಲ್ಕು ಹೆಜ್ಜೆ ಹಿಂದೆ ಸರಿದು ಏದುಸಿರು ಸುಧಾರಿಸಿಕೊಂಡರು. ಅಲ್ಲಿಗೆ ಎಲ್ಲ ಸರಿಯಿತ್ತು.

ಮೊದಲ ಸಲ ಬಂದ ಹಡಗಿಗೆ ಬಂದರಿನವರು ಹತ್ತಿ ಹೋಗಿ ಫಲಕ ಕೊಡುವುದು, ಕ್ಯಾಪ್ಟನ್ ಜೊತೆ ಫೋಟೊ ತೆಗೆಸಿಕೊಂಡು ಚಹಾ ಕುಡಿದು ಬರುವುದು ವಾಡಿಕೆ. ಆ ವರ್ಷ ಹತ್ತುವುದೆಲ್ಲಿಂದ ಬಂತು? ನಾರ್ಬರ್ಟ್ ಫಲಕವನ್ನು ಔಷಧಿ ಹಾಕಿ ಒರೆಸಿ ಪ್ಲಾಸ್ಟಿಕ್ ಚೀಲದೊಳಗಿಟ್ಟರು. ಜಮ್ರಿ ಅದನ್ನು ಹಡಗಿನವರು ಇಳಿಬಿಟ್ಟ ಸಣ್ಣ ಹಗ್ಗಕ್ಕೆ ಕಟ್ಟಿದ. ಅದು ಮಧ್ಯಾಹ್ನದ ಹೊತ್ತು. ಅದೇ ಹೊತ್ತಿಗೆ ಹಿಂದುಗಡೆ ಇನ್ನೊಂದು ಭಾರಿ ಹಡಗು ಧಕ್ಕೆಗೆ ಬರುತ್ತಿತ್ತು. ಅದರ ಹಗ್ಗವೂ ದ್ವೀಪದ ಹಡಗಿನ ಗೂಟಕ್ಕೇ ಬೀಳಬೇಕು. ಅಲ್ಲಿದ್ದವರು ಐತಪ್ಪ ಮತ್ತು ಹೊಸಬನೊಬ್ಬ.

ಒಂದೇ ಗೂಟಕ್ಕೆ ಎರಡು ಹಡಗು ಕಟ್ಟುವುದಕ್ಕೆ ಒಂದು ಕ್ರಮವಿದೆ. ಎರಡನೆಯ ಕುಣಿಕೆಯನ್ನು ಮೊದಲನೆಯದರ ಒಳಗೆ ಕೆಳಗಿನಿಂದ ತೂರಿಸಿ ಮೇಲೆ ತಂದು, ಆಮೇಲೆ ಗೂಟಕ್ಕೆ ಹಾಕಬೇಕು. ಆಗ ಯಾವ ಹಡಗು ಮೊದಲು ಹೊರಟರೂ ತನ್ನ ಹಗ್ಗ ತಾನು ತೆಗೆದುಕೊಂಡು ಹೋಗಬಹುದು. ಸುಮ್ಮನೆ ಮೇಲೆ ಹೇರಿದರೆ ಕೆಳಗಿನವನು ಸಿಕ್ಕಿಬಿದ್ದ ಹಾಗೆಯೇ. ಹೊಸಬರಿಗೆಲ್ಲ ಇದನ್ನು ಕಲಿಸಿದವರು ಐತಪ್ಪ. ಬಗ್ಗದವನಿಗೆ ತುಳುವಿನಲ್ಲೇ ಬೈಗುಳ, ಅರ್ಥವಾಗದಿದ್ದರೂ ನಾಟುತ್ತಿತ್ತಂತೆ.

ಆ ಮಧ್ಯಾಹ್ನ ಮೇಲೆ ಕ್ಯಾಪ್ಟನ್ ಫಲಕವನ್ನು ಚೀಲದಿಂದ ತೆಗೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. ಫೋಟೊಕ್ಕೆಂದು ಮಾಸ್ಕ್ ಇಳಿಸಿ ನಕ್ಕರು. ಕೆಲಸದ ಜಾಗದಲ್ಲಿ ಐತಪ್ಪ ಒಂದು ಇಡೀ ಮುಖ ಕಂಡು ಎಷ್ಟು ತಿಂಗಳಾಗಿತ್ತೋ. ನೋಡುತ್ತಾ ನಿಂತರು. ಕೈ ತನ್ನ ಪಾಡಿಗೆ ಭಾರಿ ಹಡಗಿನ ಕುಣಿಕೆಯನ್ನು ಗೂಟಕ್ಕೆ ಇಳಿಸಿತು, ಮೇಲಿನಿಂದ.

ಗೊತ್ತಾದದ್ದು ಸಂಜೆ, ದ್ವೀಪದ ಹಡಗು ಹೊರಡುವಾಗ. ಉಳಿದ ಹಗ್ಗಗಳೆಲ್ಲ ಬಿಟ್ಟುಕೊಂಡವು, ಈ ಒಂದು ಬರಲಿಲ್ಲ. ಅದರ ಮೇಲೆ ಭಾರಿ ಹಡಗಿನ ಹಗ್ಗ ಕಬ್ಬಿಣದ ಸರಳಿನ ಹಾಗೆ ಬಿಗಿದು ಕೂತಿತ್ತು. ಹಡಗನ್ನು ಸಮುದ್ರಕ್ಕೆ ದಾಟಿಸುವ ಪೈಲಟ್ ಇನ್ನೊಂದು ಹಡಗಿಗೆ ಹೋಗಬೇಕು, ತಡವಾದರೆ ಇವರ ಸರದಿ ನಾಳೆಗೆ. ಹಗ್ಗ ಕಡಿಯಬೇಕೇ ಎಂದು ಮೇಲಿನಿಂದ ಕೇಳಿದರು. ಚೊಚ್ಚಲ ಪ್ರಯಾಣದ ಹೊಸ ಹಗ್ಗ. ಐತಪ್ಪ ಎರಡೂ ಕೈ ಅಡ್ಡ ಬೀಸಿ ಬೇಡವೆಂದು, ಭಾರಿ ಹಡಗಿನ ಬುಡಕ್ಕೆ ಓಡಿದರು. ಓಡಿದರು ಎನ್ನುವುದು ಜಮ್ರಿಯ ಮಾತು. ದೇವಕಿ ಅದನ್ನು ನಂಬುವುದಿಲ್ಲ. ಅಲ್ಲಿನವರು ಊಟಕ್ಕೆ ಕೂತಿದ್ದರು. ಕೂಗಿ ಕೂಗಿ ಒಬ್ಬ ಬಂದು ಆ ಒಂದು ಹಗ್ಗ ಸಡಿಲಿಸುವಷ್ಟರಲ್ಲಿ ಐತಪ್ಪನಿಗೆ ಮಾತೇ ನಿಂತಿತ್ತು. ಗೂಟದ ಹತ್ತಿರ ಜಮ್ರಿ ಮತ್ತು ಹೊಸಬ ಸೇರಿ ಮೇಲಿನ ಕುಣಿಕೆ ಎತ್ತಿದರು, ಕೆಳಗಿನದು ಬಿಟ್ಟುಕೊಂಡಿತು. ಪೈಲಟ್ ಹೋಗಿರಲಿಲ್ಲ. ಹಡಗು ಹೊರಟಿತು.

ಆ ಹಗ್ಗ ಹಾಕಿದ್ದು ಯಾರೆಂದು ನಾರ್ಬರ್ಟ್ ಕೇಳಿದರು. ಜಮ್ರಿ ಗುಂಪಿನ ತಪ್ಪು ಎಂದು ಶುರುಮಾಡಿದ್ದ.

"ನಾನೇ ಹಾಕಿದ್ದು," ಎಂದರು ಐತಪ್ಪ.

"ಉಸಿರು ಕಟ್ಟಿತಾ ಐತಪ್ಪಣ್ಣ? ಬಗ್ಗಲಿಕ್ಕೆ ಆಗ್ಲಿಲ್ವಾ?"

ಹೌದೆಂದಿದ್ದರೆ ಕಾಯಿಲೆಯ ಲೆಕ್ಕಕ್ಕೆ ಹೋಗುತ್ತಿತ್ತು, ತಪ್ಪಿನ ಲೆಕ್ಕಕ್ಕಲ್ಲ. ಐತಪ್ಪ ಇಲ್ಲವೆಂದು ತಲೆಯಾಡಿಸಿದರು. "ಉಸಿರು ಅಲ್ಲ ಸರ್. ಕಣ್ಣು ಅಲ್ಲಿತ್ತು."

ನಾರ್ಬರ್ಟ್ ಮಾತು ಉಳಿಸಿಕೊಂಡರು. ಮರುದಿನದಿಂದ ಐತಪ್ಪ ವ್ಯಾನಿಗೆ. "ನಂಗೇನು ಖುಷಿಯಾ? ಅವರೇ ಬಂದು ಕೀ ತಗೊಂಡು ಹೋದ್ರು," ಎನ್ನುತ್ತಾರೆ ನಾರ್ಬರ್ಟ್. ಅದೇ ವಾರ ಧಕ್ಕೆಗೆ ಒಂದು ಹೊಸ ನಿಯಮವನ್ನೂ ತಂದರು. ಗೂಟದಲ್ಲಿ ಮೊದಲೇ ಹಗ್ಗವಿದ್ದರೆ, ವ್ಯಾನಿನಿಂದ ಐತಪ್ಪ ನೋಡಿ ಹಾರ್ನ್ ಹೊಡೆಯುವವರೆಗೆ ಎರಡನೆಯದು ಇಳಿಯಬಾರದು. ಈಗ ಹಾರ್ನ್ ಇಲ್ಲದ ದಿನ ಹುಡುಗರಿಗೇ ಕೈ ಬರುವುದಿಲ್ಲವಂತೆ. ಬೇರೆ ಪಾಳಿಯವರೂ ಅದನ್ನೇ ಹಿಡಿದಿದ್ದಾರೆ.

ಫಲಕ ಹಿಡಿದ ಕ್ಯಾಪ್ಟನ್ನಿನ ಫೋಟೊವನ್ನು ಆ ದ್ವೀಪದ ಬಂದರಿನ ಗೋಡೆಗೆ ಹಾಕಿದ್ದಾರೆಂದು ಸುದ್ದಿ ಬಂದಿದೆ. ಹಡಗಿನ ಹೆಸರು ಬೇಡವೆಂದದ್ದು ಇದಕ್ಕೇ. "ಅವರಿಗೆ ಅದು ಮೊದಲ ಸಲ ಮಾರಾಯ್ರೆ. ಅದರ ಬಾಲಕ್ಕೆ ನನ್ನ ತಪ್ಪು ಯಾಕೆ ಅಂಟಬೇಕು?" ಎನ್ನುತ್ತಾರೆ ಐತಪ್ಪ.

ಏಪ್ರಿಲ್ ಒಂದಕ್ಕೆ ಮಲೇಷ್ಯಾ ಗಡಿ ತೆರೆಯುತ್ತಿದೆ. ಆ ತಿಂಗಳಲ್ಲೇ ದ್ವೀಪದ ಹಡಗು ಮತ್ತೆ ಬರುತ್ತದೆ. ಐತಪ್ಪ ಕೇಳಿ ಕೇಳಿ ಸಾಕುಮಾಡಿದ ಮೇಲೆ, ಆ ಒಂದು ದಿನ ವ್ಯಾನಿನಿಂದ ಇಳಿಯಬಹುದೆಂದು ನಾರ್ಬರ್ಟ್ ಒಪ್ಪಿದ್ದಾರೆ, ಒಂದೇ ಒಂದು ಹಗ್ಗಕ್ಕೆ. ಎಲ್ಲರೂ ಅದು ಮೊದಲ ಹಗ್ಗವೇ ಎಂದುಕೊಂಡಿದ್ದರು. ಜಮ್ರಿಯಂತೂ ತನ್ನ ಮಲಯ ಧಾಟಿಯಲ್ಲಿ ಸೂಲಗಿತ್ತಿ ಬರುತ್ತಾಳೆ ಲಾ ಎಂದು ಊರಿಗೆಲ್ಲ ಸಾರಿದ್ದ.

ಐತಪ್ಪ ಸ್ಟೀರಿಂಗಿನ ಮೇಲೆ ಕೈಯಿಟ್ಟುಕೊಂಡು, ಹುಡುಗರು ಗೂಟಕ್ಕೆ ಬಗ್ಗುವುದನ್ನೇ ನೋಡುತ್ತಾ ಹೇಳುತ್ತಾರೆ: "ಮೊದಲನೆಯದು ಜಮ್ರಿ ಹಿಡಿಯಲಿ. ಪಕ್ಕಕ್ಕೆ ಯಾವ ಹಡಗು ಬರ್ತದೋ ಅದರ ಹಗ್ಗ ನಂಗೆ ಕೊಡಿ ಅಂದಿದ್ದೇನೆ. ಕೆಳಗಿಂದ ತೂರಿಸಿ ಹಾಕ್ತೇನೆ. ದ್ವೀಪದವರು ಹೊರಡುವಾಗ ಯಾರನ್ನೂ ಕೇಳುವ ಹಾಗೆ ಆಗಬಾರ್ದು."